ಒಗ್ಗರಣೆ ಹಾಕದ ದಿನಗಳು

ಜನವರಿ 9

ಮೂಡುಬಿದಿರೆಯಲ್ಲಿ ಮದುವೆ. ನಾನೂರು ಎಲೆ ಎಂದಿದ್ದರು, ಐನೂರರ ಮೇಲೆ ಎದ್ದಿತು. ಆದರೂ ಏನೂ ಕಡಮೆ ಬೀಳಲಿಲ್ಲ. ಅನಾನಸಿನ ಸಿಹಿ-ಖಾರದ ಮೆಣಸ್ಕಾಯಿಯನ್ನು ಹೆಣ್ಣಿನ ಕಡೆಯವರು ಬೇಡಿ ಬೇಡಿ ಹಾಕಿಸಿಕೊಂಡರು. ಹಿರಿಯರೊಬ್ಬರು ಕೈ ತೊಳೆದವರೇ ನೇರ ಒಲೆಯ ಹತ್ತಿರ ಬಂದು, "ಪರಮೇಶ್ವರ ಭಟ್ರೇ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು" ಎಂದರು. ಬಂಗಾರವೆಲ್ಲ ಬೇಡ, ಉಂಡವರು ತೇಗಿದರೆ ಸಾಕು. ನಲವತ್ತು ವರ್ಷ ಅದೊಂದೇ ಆಸೆಯಲ್ಲಿ ಸೌಟು ಹಿಡಿದಿದ್ದೇನೆ.

ಮನೆಗೆಂದು ಒಂದು ಡಬ್ಬಿ ಮೆಣಸ್ಕಾಯಿ ತಂದಿದ್ದೆ. ಮನೆಯೆಂದರೆ ಈಗ ನಾನು ಮತ್ತು ಮಗನ ಹೆಂಡತಿ, ಇಬ್ಬರೇ. ನನ್ನ ಹೆಂಡತಿ ಸರಸ್ವತಿ ತೀರಿಕೊಂಡು ಆರು ವರ್ಷವಾಯಿತು. ಮಗ ದೇವಿಪ್ರಸಾದ ಯಕ್ಷಗಾನ ಮೇಳದ ಚೆಂಡೆಯವನು. ದೀಪಾವಳಿ ಕಳೆದು ಹೊರಟರೆ ಮೇ ತಿಂಗಳ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದ ಮೇಲೆಯೇ ಅವನು ಪೂರಾ ಮನೆಯವನಾಗುವುದು. ನಡುವೆ ಹತ್ತಿರದಲ್ಲಿ ಎಲ್ಲಾದರೂ ಆಟವಿದ್ದರೆ ಬಂದು ಮಲಗಿ ಎದ್ದು ಹೋಗುತ್ತಾನೆ. ಅವನ ಹೆಂಡತಿ ಶುಭಶ್ರೀ ವಾಮದಪದವಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. ಮದುವೆಯಾಗಿ ವರ್ಷ ತುಂಬಿಲ್ಲ. ಒಳ್ಳೆಯವಳೇ. ಆದರೆ ನಮ್ಮಿಬ್ಬರಿಗೆ ಮಾತು ಕಡಮೆ. "ಮಾವ, ಬರ್ತೇನೆ" ಎಂದು ಸ್ಕೂಟರ್ ಹತ್ತುತ್ತಾಳೆ, "ಮಾವ, ಬಂದೆ" ಎಂದು ಇಳಿಯುತ್ತಾಳೆ. ಅಷ್ಟೇ.

ಇವತ್ತು ಡಬ್ಬಿಯ ಮುಚ್ಚಳ ತೆಗೆದವಳು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ನಾನು ನಿಂತೇ ಇದ್ದೆ. ಐನೂರು ಜನ ಚಪ್ಪರಿಸಿದ್ದನ್ನು ಕಂಡು ಓಡಿದವಳು ಇವಳೊಬ್ಬಳೇ! ಎಂಥ ಸೊಕ್ಕು ಎಂದುಕೊಂಡೆ.

ಸಂಜೆ ಮಗನ ಫೋನು ಬಂತು. "ಅಪ್ಪ, ನಿಮ್ಮಲ್ಲಿ ಹೇಳ್ಲಿಕ್ಕೆ ಅವಳಿಗೆ ನಾಚಿಕೆಯಂತೆ. ನೀವು ಅಜ್ಜ ಆಗ್ತೀರಿ."

ಸೊಕ್ಕು ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಜನವರಿ 15

ಬಸುರಿಗೆ ನಾಲಿಗೆ ಕೆಡುತ್ತದೆ, ಒಳ್ಳೆಯ ರುಚಿ ಸಿಕ್ಕಿದರೆ ತಾನಾಗಿ ಸರಿಯಾಗುತ್ತದೆ. ಹೀಗೆಂದು ನನ್ನ ಲೆಕ್ಕ. ಒಂದು ದಿನ ತುಪ್ಪದಲ್ಲಿ ಹುರಿದ ಗೋಡಂಬಿ ಹಾಕಿ ಪಾಯಸ, ಒಂದು ದಿನ ಹೀರೆಕಾಯಿ ಸಿಪ್ಪೆಯ ಚಟ್ನಿ, ನಿನ್ನೆ ಇಂಗಿನ ಒಗ್ಗರಣೆ ಕೊಟ್ಟ ಬೇಳೆ ಸಾರು. ಮಗನ ಹೆಂಡತಿ ಎಲ್ಲಕ್ಕೂ ತಲೆಯಾಡಿಸಿ ತಟ್ಟೆಯ ಮುಂದೆ ಕೂರುತ್ತಾಳೆ. ಎರಡು ತುತ್ತು. ಆಮೇಲೆ ಹಿತ್ತಿಲು.

ಕೆಲಸಕ್ಕೆ ಹೋಗುವಾಗ ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ತೊಟ್ಟೆ ಇಟ್ಟುಕೊಂಡು ಹೋಗುತ್ತಾಳೆ. ಎಂತಕ್ಕೆ ಎಂದು ನಾನು ಕೇಳಲಿಲ್ಲ. ಗೊತ್ತಾಯಿತು.

ಇದೆಲ್ಲ ಹೆಂಗಸರ ವಿಷಯ. ಮನೆಯಲ್ಲಿ ಹೆಂಗಸು ಇರಬೇಕಿತ್ತು. ಸರಸ್ವತಿಗೂ ಹೀಗೆ ಇತ್ತೋ ಏನೋ. ನನಗೆ ನೆನಪಿಲ್ಲ, ಆ ವರ್ಷ ತುಂಬಾ ಮದುವೆಗಳಿದ್ದವು.

ಜನವರಿ 20

ಮಗ ಫೋನಿನಲ್ಲಿ ತೊದಲಿದ. ಚೆಂಡೆಯಲ್ಲಿ ಎಂದೂ ತಾಳ ತಪ್ಪದವನು. "ಅಪ್ಪ, ಬೇಜಾರ ಮಾಡ್ಬಾರ್ದು. ಅವಳಿಗೆ ನಿಮ್ಮ ಅಡುಗೆಯ... ಅಂದರೆ ಅಡುಗೆ ಅಲ್ಲ, ಒಗ್ಗರಣೆಯ ವಾಸನೆ. ಅದು ಬಂದ ಕೂಡ್ಲೇ ಶುರು ಆಗ್ತದಂತೆ. ನಿಮ್ಮಲ್ಲಿ ಹೇಗೆ ಹೇಳುವುದು ಅಂತ ಅವಳಿಗೆ ಗೊತ್ತಾಗುವುದಿಲ್ಲ."

ನನ್ನ ಒಗ್ಗರಣೆ! ರಸ್ತೆಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯುವ ಒಗ್ಗರಣೆ ಎಂದು ಹೆಸರು ಹೋದದ್ದು. ಎಣ್ಣೆ ಕಾದದ್ದು ಎಷ್ಟೆಂದು ನಾನು ಕಣ್ಣಿನಲ್ಲಿ ನೋಡುವುದಿಲ್ಲ, ಕಿವಿಯಲ್ಲಿ ಕೇಳುತ್ತೇನೆ. ಅದರಿಂದ ವಾಂತಿ ಬರುತ್ತದಂತೆ.

ಮಂಡೆ ಬಿಸಿಯಾಯಿತು. ಉಣ್ಣದೆ ಮಲಗಿದೆ.

ಜನವರಿ 21

ಬೆಳಗ್ಗೆ ಎದ್ದು ಗ್ಯಾಸಿನ ಒಲೆಯನ್ನು ಹಿತ್ತಿಲ ಶೆಡ್ಡಿಗೆ ಸಾಗಿಸಿದೆ, ಸಮಾರಂಭದ ದೊಡ್ಡ ಪಾತ್ರೆಗಳನ್ನು ಇಡುವ ಜಾಗಕ್ಕೆ. ಗಾಳಿ ಹೊಳೆಯ ಕಡೆಗೆ ಬೀಸುತ್ತದೆ. ವಾಸನೆ ಬರುವುದಿದ್ದರೆ ನೇತ್ರಾವತಿಯ ಮೀನುಗಳಿಗೆ ಬರಲಿ. ನಮ್ಮೂರು ನರಿಕೊಂಬಿನ ಮೀನುಗಳಿಗೆ ಬಸುರಿಯ ಪಥ್ಯ ಇಲ್ಲವಲ್ಲ.

ನನ್ನ ಸಹಾಯಕ್ಕೆ ಬರುವ ಸುಬ್ಬಯ್ಯ ಕೇಳಿದ, "ಎಂತ ಭಟ್ರೇ, ಮನೆಯಿಂದ ಹೊರಗೆ ಹಾಕಿದ್ರಾ ನಿಮ್ಮನ್ನು?"

"ನನ್ನನ್ನಲ್ಲ ಮಾರಾಯ, ಸಾಸಿವೆಯನ್ನು" ಎಂದೆ.

ಜನವರಿ 27

ಶುಭಶ್ರೀ ತುಂಬಾ ಇಳಿದಿದ್ದಾಳೆ. ಬಳೆ ಮೊಣಕೈವರೆಗೆ ಜಾರುತ್ತದೆ. ಮಗ ಫೋನಿನಲ್ಲಿ ಹಟ ಹಿಡಿದ, ಡಾಕ್ಟರಿಗೆ ತೋರಿಸಿ ಎಂದು. ಅವನಿಗೆ ಆಟ ಬಿಟ್ಟು ಬರಲಾಗದು. ಬಂಟ್ವಾಳಕ್ಕೆ ನಾನೇ ಕರೆದುಕೊಂಡು ಹೋದೆ, ರಿಕ್ಷಾದಲ್ಲಿ. ಡಾಕ್ಟರು ಬೇರೆ ಯಾರೂ ಅಲ್ಲ, ಪೇಟೆಯ ಜಿನಸಿನ ಅಂಗಡಿಯ ಅಬ್ದುಲ್ ರವೂಫ್ ಸಾಹೇಬರ ಮಗಳು ಫಿದಾ. ನಾನು ಕೊತ್ತಂಬರಿ, ಮೆಣಸು ತೆಗೆದುಕೊಳ್ಳುವಾಗ ಅಕ್ಕಿ ಚೀಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವಳು. ಈಗ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು.

ಪರೀಕ್ಷೆ ಮಾಡಿ, "ಮಾತ್ರೆ ಕೊಡ್ತೇನೆ" ಎಂದಳು.

ನಾನು ಸುಮ್ಮನಿರಲಿಲ್ಲ. "ಬಸುರಿಗೆ ಮಾತ್ರೆಯಾ ಡಾಕ್ಟ್ರೇ? ಒಳಗೆ ಎಳೆ ಜೀವ ಉಂಟಲ್ಲ?"

ಶುಭಶ್ರೀ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. ಅವಳಿಗೂ ಅದೇ ಹೆದರಿಕೆ. ಅವಳ ಅಮ್ಮ ಶಿರ್ತಾಡಿಯಿಂದ ದಿನಾ ಫೋನಿನಲ್ಲಿ ಅದನ್ನೇ ಹೇಳುತ್ತಾರೆ.

ಫಿದಾ ಸಿಟ್ಟು ಮಾಡಲಿಲ್ಲ. "ಭಟ್ರೇ, ಇದು ಬಸುರಿಯರ ವಾಂತಿಗೆಂದೇ ಕೊಡುವ ಮಾತ್ರೆ. ಎಷ್ಟೋ ವರ್ಷದಿಂದ ಕೊಡ್ತಾ ಬಂದದ್ದು, ಲಕ್ಷಗಟ್ಟಲೆ ತಾಯಂದಿರಲ್ಲಿ ನೋಡಿ ಆದದ್ದು. ಹೇಳಿದ ಹಾಗೆ ತೆಗೆದುಕೊಂಡರೆ ಮಗುವಿಗೆ ತೊಂದರೆ ಇಲ್ಲ. ತೊಂದರೆ ಎಲ್ಲಿ ಗೊತ್ತುಂಟಾ? ಅನ್ನ, ನೀರು ಯಾವುದೂ ನಿಲ್ಲದೆ ತಾಯಿ ಒಣಗಿದರೆ. ಆಗ ಇಬ್ಬರಿಗೂ ಕಷ್ಟ." ರಾತ್ರಿ ಮಲಗುವಾಗ ಎರಡು ಮಾತ್ರೆ, ವಾಂತಿ ಬಂದಾಗ ಮಾತ್ರ ಅಲ್ಲ, ದಿನಾ ತೆಗೆದುಕೊಳ್ಳಬೇಕು. ನಿದ್ದೆ ಎಳೆಯುತ್ತದೆ, ಸ್ಕೂಟರ್ ಬಿಡಬಾರದು. ಶೀತ, ಕೆಮ್ಮು ಎಂದು ಅಂಗಡಿಯ ಸಿರಪ್ ತನ್ನನ್ನು ಕೇಳದೆ ಕುಡಿಯಬಾರದು. ಹೀಗೆ ಹೇಳುತ್ತಾ ಹೋದಳು. ಆಮೇಲೆ ಮೂತ್ರ ಎಷ್ಟು ಹೋಗುತ್ತದೆ, ಯಾವ ಬಣ್ಣ ಎಂದು ಕೇಳಲು ಶುರು ಮಾಡಿದಳು. ಸೊಸೆಯ ಎದುರಿಗೆ ಮಾವ ಅದನ್ನೆಲ್ಲ ಕೇಳಿಕೊಂಡು ಕೂರುವುದುಂಟಾ? ನಾನು ಎದ್ದು ಹೊರಗೆ ಬಂದು ಜಗಲಿಯಲ್ಲಿ ನಿಂತೆ.

ಬರುವಾಗ ಮೆಡಿಕಲ್ಲಿನಲ್ಲಿ ಮಾತ್ರೆ ತೆಗೆದುಕೊಂಡೆವು. ಸ್ಕೂಟರಿನ ಕೀಲಿಯನ್ನು ನಾನು ಮೆಂತೆಯ ಡಬ್ಬಿಯೊಳಗೆ ಅಡಗಿಸಿ ಇಟ್ಟಿದ್ದೇನೆ.

ಜನವರಿ 28

ನಿನ್ನೆ ಮಾತ್ರೆ ಗಂಟಲಿಳಿಯಲಿಲ್ಲ. ನಾಲಿಗೆಯ ಮೇಲೆ ಇಟ್ಟರೆ ಸಾಕು, ಓಕರಿಕೆ. ನೀರಿನ ಲೋಟ ಮೂಗಿನ ಹತ್ತಿರ ಬಂದರೂ ಓಕರಿಕೆ. "ಆಗುವುದಿಲ್ಲ ಮಾವ, ದಮ್ಮಯ್ಯ" ಎಂದು ಅತ್ತುಬಿಟ್ಟಳು.

ಇವತ್ತು ನನಗೆ ಉಪಾಯ ಹೊಳೆಯಿತು. ನಮ್ಮಮ್ಮನ ಮದ್ದು ತೇಯುವ ಕಲ್ಲು ಕಪಾಟಿನಲ್ಲೇ ಇತ್ತು. ನಮ್ಮ ಮನೆಯಲ್ಲಿ ಯಾವ ಮದ್ದನ್ನೂ ಇಡಿಯಾಗಿ ಕೊಟ್ಟವರಿಲ್ಲ. ಬಜೆಯಾಗಲಿ, ಜಾಯಿಕಾಯಿಯಾಗಲಿ, ಗುಳಿಗೆಯಾಗಲಿ, ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವುದು. ನನ್ನ ಬಿ.ಪಿ. ಮಾತ್ರೆಯನ್ನೂ ನಾನು ತೇಯ್ದೇ ನೆಕ್ಕುವುದು. ಅಡುಗೆಯವನಿಗೆ ಗೊತ್ತಿಲ್ಲವಾ, ನುಣ್ಣಗೆ ಅರೆದಷ್ಟೂ ಗುಣ ಬಿಡುತ್ತದೆ.

ಕಲ್ಲು ತೊಳೆದು, ಎರಡೂ ಮಾತ್ರೆಗಳನ್ನು ನಾಲ್ಕು ಹನಿ ನೀರಿನಲ್ಲಿ ತೇಯ್ದೆ. ಜೇನು ಕಲಸಿ ಕೊಟ್ಟೆ. ಶುಭಶ್ರೀ ಕಣ್ಣು ಮುಚ್ಚಿ ನೆಕ್ಕಿದಳು. ಒಳಗೆ ನಿಂತಿತು! ಕಲ್ಲಿಗೆ ನಮಸ್ಕರಿಸಿ ಕಪಾಟಿನಲ್ಲಿಟ್ಟೆ.

ಫೆಬ್ರವರಿ 3

ಏನೂ ಗುಣವಿಲ್ಲ. ದಿನಾ ತಪ್ಪದೆ ತೇಯುತ್ತಿದ್ದೇನೆ. ನೆಕ್ಕಿದ ಸ್ವಲ್ಪ ಹೊತ್ತಿಗೇ ಅವಳಿಗೆ ಕಣ್ಣು ಎಳೆಯುತ್ತದೆ, ಕೂತಲ್ಲೇ ತೂಕಡಿಸುತ್ತಾಳೆ. ಆದರೆ ಬೆಳಗಾಗುವಾಗ ಮದ್ದಿನ ಸುದ್ದಿಯೇ ಇಲ್ಲ. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ವಾಂತಿ. ಸೊಸೈಟಿಗೆ ರಜೆ ಹಾಕಿದ್ದಾಳೆ.

ಹೊಸ ಅಡುಗೆ ಕಲಿಯುತ್ತಿದ್ದೇನೆ. ಘಮ ಇಲ್ಲದ ಅಡುಗೆ. ಒಗ್ಗರಣೆ ಹಾಕದ ತಂಬುಳಿ, ಆರಿದ ಗಂಜಿ, ಪುನರ್ಪುಳಿ ಹಣ್ಣಿನ ನೀರು, ಅರಳು. ಬಿಸಿಯಿದ್ದರೆ ವಾಸನೆ ಏಳುತ್ತದೆ, ಆದ್ದರಿಂದ ಎಲ್ಲ ತಣ್ಣಗೆ. ತಟ್ಟೆ ತುಂಬ ಬಡಿಸುವ ಕೈಗೆ ಚಮಚದಲ್ಲಿ ಬಡಿಸುವುದು ಕಷ್ಟ.

ಇವತ್ತು ಹೊಟ್ಟೆಯಲ್ಲಿ ನಿಂತದ್ದು: ಅರ್ಧ ಲೋಟ ಪುನರ್ಪುಳಿ, ಒಂದು ಹಿಡಿ ಅರಳು.

ಮಾತ್ರೆ ಸುಳ್ಳು ಎಂದು ನನ್ನ ಅಭಿಪ್ರಾಯ. ದೊಡ್ಡ ಓದು ಓದಿದ ಕೂಡಲೇ ಎಲ್ಲ ಸರಿ ಎಂದೇನಿಲ್ಲ. ಶುಭಶ್ರೀಯಲ್ಲಿ ಹೇಳಿದೆ, "ಬೇಕಾದರೆ ನಿಲ್ಲಿಸುವ." ಅವಳು, "ಇನ್ನೆರಡು ದಿನ ನೋಡುವ ಮಾವ. ನೀವು ಅಷ್ಟು ಕಷ್ಟಪಟ್ಟು ತೇಯ್ತೀರಿ" ಎಂದಳು.

ಫೆಬ್ರವರಿ 6

ಇವತ್ತು ಏನೂ ನಿಲ್ಲಲಿಲ್ಲ. ನೀರು ಸಹ.

ಫೆಬ್ರವರಿ 7

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ.

ಬೆಳಗ್ಗೆ ಶುಭ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ತುಟಿಯ ಸಿಪ್ಪೆ ಎದ್ದಿತ್ತು. ಬಾಗಿಲ ಹತ್ತಿರ ತಲೆ ತಿರುಗಿ ಕೂತುಬಿಟ್ಟಳು. ಡಾಕ್ಟರು ಅವತ್ತು ಕೇಳಲು ಶುರು ಮಾಡಿದ್ದು, ನಾನು ಎದ್ದು ಹೋದದ್ದು ನೆನಪಾಯಿತು. ನನ್ನ ಬಾಯಿಗೆ ಆ ಮಾತು ಬರುವುದೇ ಇಲ್ಲ. ನಾಲ್ಕು ಸಲ ಗಂಟಲು ಸರಿ ಮಾಡಿಕೊಂಡೆ. ಆಮೇಲೆ ಅವಳ ಎದುರಿಗೆ ನೆಲದಲ್ಲೇ ಕೂತು ಕೇಳಿಯೇ ಬಿಟ್ಟೆ.

"ಮಗೂ, ಮೂತ್ರ ಹೋಗಿದೆಯಾ?"

ಅವಳು ನೆಲ ನೋಡುತ್ತಾ ಹೇಳಿದಳು. "ನಿನ್ನೆಯಿಂದ ಸರಿ ಇಲ್ಲ ಮಾವ. ಸ್ವಲ್ಪ, ಅದು ಸಹ ಕಡು ಹಳದಿ. ಹೀಗಾದರೆ ಕೂಡ್ಲೇ ಬರ್ಬೇಕು ಅಂತ ಡಾಕ್ಟ್ರು ಹೇಳಿದ್ರು. ನಿಮ್ಮಲ್ಲಿ ಹೇಗೆ ಹೇಳುವುದು..."

ಇಬ್ಬರು ದೊಡ್ಡ ಮನುಷ್ಯರು ಒಂದು ಮನೆಯಲ್ಲಿ ನಾಚಿಕೆ ಕಟ್ಟಿಕೊಂಡು ಕೂತಿದ್ದೆವು, ಮಗು ಒಳಗೆ ಒಣಗುತ್ತಿತ್ತು. ಬೆಂಕಿ ಬೀಳಲಿ ಈ ನಾಚಿಕೆಗೆ.

ರಿಕ್ಷಾ ಬರುವುದರೊಳಗೆ ಬಟ್ಟೆಯ ಚೀಲ ಕಟ್ಟಿದೆ. ರಾತ್ರಿಯ ಮದ್ದು ತಪ್ಪಬಾರದೆಂದು ಕಲ್ಲನ್ನೂ ಜೇನಿನ ಬಾಟಲಿಯನ್ನೂ ಅದರಲ್ಲೇ ಹಾಕಿದೆ.

ಫಿದಾ ನೋಡಿದವಳೇ ಡ್ರಿಪ್ ಹಾಕಿಸಿದಳು. ಸ್ಕ್ಯಾನ್ ಮಾಡಿ ಪರದೆಯಲ್ಲಿ ತೋರಿಸಿದಳು. ಬೆಂಡೆಕಾಯಿಯ ಬೀಜದಷ್ಟು ಏನೋ ಒಂದು ಮಿಣಮಿಣ ಎನ್ನುತ್ತಿತ್ತು. "ಹಾರ್ಟು. ಚೆನ್ನಾಗಿ ಉಂಟು" ಎಂದಳು. ನಾನು ಈ ಸಲ ಹೊರಗೆ ಹೋಗಲಿಲ್ಲ. ಕಣ್ಣೊರೆಸಿಕೊಳ್ಳಲು ಮಾತ್ರ ಗೋಡೆಯ ಕಡೆ ತಿರುಗಿದೆ.

ಸಂಜೆ ಶುಭಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಮದ್ದಿನ ಹೊತ್ತಾಯಿತೆಂದು ನಾನು ಕಿಟಕಿಯ ಕಟ್ಟೆಯ ಮೇಲೆ ಕಲ್ಲಿಟ್ಟು ತೇಯಲು ಶುರು ಮಾಡಿದೆ. ಬೆನ್ನ ಹಿಂದೆ ಫಿದಾಳ ಸ್ವರ.

"ಭಟ್ರೇ, ಎಂತ ಮಾಡ್ತಿದ್ದೀರಿ?"

"ರಾತ್ರಿಯ ಮದ್ದು ಡಾಕ್ಟ್ರೇ. ಜೇನು ಸಹ ತಂದಿದ್ದೇನೆ."

"ಇಷ್ಟು ದಿನವೂ ಹೀಗೆಯೇ ಕೊಟ್ಟದ್ದಾ?"

"ಒಂದು ದಿನ ತಪ್ಪಿಸಲಿಲ್ಲ" ಎಂದೆ, ಹೆಮ್ಮೆಯಿಂದಲೇ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಇದರ ಮೇಲೆ ಒಂದು ಪದರ ಉಂಟು, ನೋಡಿ. ಇದು ಹೊಟ್ಟೆಯಲ್ಲಿ ಕರಗಬಾರದು. ಹೊಟ್ಟೆ ದಾಟಿ ಕೆಳಗೆ ಹೋಗಿ ಸಾವಕಾಶ ಕರಗಬೇಕು. ರಾತ್ರಿ ನುಂಗಿದರೆ ಬೆಳಗ್ಗೆ ಏಳುವ ಹೊತ್ತಿಗೆ ಕೆಲಸ ಮಾಡ್ಲಿಕ್ಕೆ ಅಂತಲೇ ಹೀಗೆ ಮಾಡಿದ್ದು. ತೇಯ್ದರೆ, ಜಗಿದರೆ, ಮುರಿದರೆ ಆ ಪದರ ಹೋಯ್ತು. ಇಡಿಯಾಗಿ ನುಂಗಬೇಕು ಅಂತ ನಾನು ಅವತ್ತು ಹೇಳಿದ್ದೆ. ನೀವು ಜಗಲಿಯಲ್ಲಿದ್ದಿರಿ. ಶುಭಶ್ರೀಯವರು ಆಗ ಬೇಸಿನ್ನಿಗೆ ಬಗ್ಗಿದ್ದರು. ನಾನು ಇನ್ನೊಮ್ಮೆ ಹೇಳ್ಬೇಕಿತ್ತು."

ನನಗೆ ಕೂಡಲೇ ಅರ್ಥವಾಯಿತು. ಅರ್ಥವಾದದ್ದೇ ಸಂಕಟ. ರಾತ್ರಿಯೇ ಅರೆದಿಟ್ಟ ಹಿಟ್ಟು ಬೆಳಗ್ಗೆಗೆ ಹುದುಗಿ ದೋಸೆಯಾಗಬೇಕು. ನಾನು ರಾತ್ರಿಯೇ ದೋಸೆ ಹೊಯ್ದು, ಬೆಳಗ್ಗೆ ಖಾಲಿ ಕಾವಲಿ ತೋರಿಸುತ್ತಿದ್ದೆ. ಆಮೇಲೆ ಮಾತ್ರೆ ಸುಳ್ಳು ಎಂದೆ.

"ಅಪ್ಪ ಹೇಳ್ತಾರೆ, ಭಟ್ರು ಕೊತ್ತಂಬರಿಯನ್ನು ಮೂಸದೆ ತಗೊಳ್ಳುವುದಿಲ್ಲ ಅಂತ" ಎಂದಳು ಫಿದಾ. "ಮಾತ್ರೆಯನ್ನು ಮಾತ್ರ ಕೇಳದೆ ಅರೆದುಬಿಟ್ರಲ್ಲ!"

"ಮಗುವಿಗೆ ಏನಾದರೂ...?" ಎಂದು ಕೇಳಿದೆ.

"ಮಗುವಿಗೆ ಏನೂ ಆಗಲಿಲ್ಲ. ಈಗ ನೋಡಿದ್ರಲ್ಲ. ಮದ್ದು ಹಾಳಾಯ್ತು ಅಷ್ಟೇ. ಇವತ್ತಿನಿಂದ ಸರಿ ಮಾಡುವ."

ಅವಳು ಹೋದ ಮೇಲೆ ನಾನು ಕಲ್ಲನ್ನು ಚೀಲದ ಅಡಿಗೆ ತಳ್ಳಿದೆ. ಶುಭ ನೋಡುತ್ತಾ ಮಲಗಿದ್ದಳು. "ಬಿಸಾಡ್ಬೇಡಿ ಮಾವ" ಎಂದಳು. "ದಿನಾ ನೀವು ತೇಯುವ ಶಬ್ದ ಕೇಳುವಾಗ ಒಂದು ಧೈರ್ಯ ಬರ್ತಿತ್ತು, ಯಾರೋ ಇದ್ದಾರೆ ಅಂತ."

ನಾನು ಅವಳ ಹೊದಿಕೆ ಸರಿ ಮಾಡಿದೆ.

ಫೆಬ್ರವರಿ 8

ಇಡಿಯಾಗಿ ನುಂಗಬೇಕು ಸರಿ. ಆದರೆ ಗಂಟಲು ಒಪ್ಪಬೇಕಲ್ಲ. ನಿನ್ನೆ ಶುಭ ಮಾತ್ರೆಯನ್ನು ಕೈಯಲ್ಲಿ ಹಿಡಿದು ಬಾಯಿಗೆ ಹಾಕಲಾಗದೆ ಕೂತಿದ್ದಳು. ನನಗೆ ನೋಡಲಾಗಲಿಲ್ಲ. ಚೀಲದಿಂದ ನನ್ನ ಬಿ.ಪಿ. ಮಾತ್ರೆಯನ್ನು ತೆಗೆದೆ.

"ನಾನು ಸಹ ಹುಟ್ಟಿದ ಮೇಲೆ ಮಾತ್ರೆ ಇಡಿಯಾಗಿ ನುಂಗಿದವನಲ್ಲ. ಒಟ್ಟಿಗೆ ನುಂಗುವ. ಯಾರ ಗಂಟಲು ಗಟ್ಟಿ ನೋಡುವ."

"ಮಾವ, ತಮಾಷೆ ಮಾಡ್ತೀರಾ?"

"ತಮಾಷೆ ಎಲ್ಲಿಂದ ಬಂತು ಮಾರಾಯ್ತಿ, ನನಗೆ ಹೆದರಿಕೆಯಾಗ್ತದೆ."

ನಿಜವಾಗಿಯೂ ಆಗುತ್ತಿತ್ತು. ಒಂದು, ಎರಡು, ಮೂರು ಎಂದು ಇಬ್ಬರೂ ಬಾಯಿಗೆ ಹಾಕಿ ನೀರು ಕುಡಿದೆವು. ನನ್ನದು ಗಂಟಲಲ್ಲಿ ಸಿಕ್ಕಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನನ್ನ ಅವಸ್ಥೆ ನೋಡಿ ಅವಳು ನಕ್ಕಳು, ನಗುವಾಗ ಅವಳದ್ದು ಇಳಿದೇ ಹೋಗಿತ್ತು. ಎರಡನೆಯದನ್ನು ನನ್ನ ಸಹಾಯವಿಲ್ಲದೆ ನುಂಗಿದಳು. ಪಕ್ಕದ ಮಂಚದ ಹೆಂಗಸು ನಮ್ಮನ್ನು ಮರುಳರೆಂದು ತಿಳಿದಿರಬೇಕು.

ಇವತ್ತು ಬೆಳಗ್ಗೆ ಫಿದಾ ಬಂದಾಗ ವಿಷಯ ಹೇಳಿದೆ. "ಇಷ್ಟು ವರ್ಷ ಬಿ.ಪಿ. ಮಾತ್ರೆಯನ್ನೂ ತೇಯ್ದದ್ದಾ?" ಎಂದು ತಲೆಯ ಮೇಲೆ ಕೈ ಹೊತ್ತುಕೊಂಡಳು. ನನ್ನ ಬಿ.ಪಿ.ಯನ್ನೂ ನೋಡಿದಳು. ಅದರ ವಿಷಯ ಇಲ್ಲಿ ಬೇಡ.

ಫೆಬ್ರವರಿ 13

ಮನೆಗೆ ಬಂದಿದ್ದೇವೆ. ಇವತ್ತು ಎದ್ದು ಹಿತ್ತಿಲಿಗೆ ಓಡಲಿಲ್ಲ! ನಾನು ಶೆಡ್ಡಿನಲ್ಲಿ ಕಿವಿ ನೆಟ್ಟು ಕೂತಿದ್ದೆ. ಹಲ್ಲುಜ್ಜುವಾಗ ಒಮ್ಮೆ ಓಕರಿಸಿದ್ದು ಕೇಳಿತು, ಅಷ್ಟೇ. ಪೂರಾ ನಿಲ್ಲುತ್ತದೆಂದು ಫಿದಾ ಹೇಳಿಲ್ಲ, ಕಡಮೆಯಾಗುತ್ತದೆ ಎಂದಿದ್ದಾಳೆ. ಕಡಮೆಯಾಗಿದೆ.

ನಿಂತದ್ದು: ಎರಡು ಇಡ್ಲಿ, ಬೊಂಡದ ಎಳನೀರು, ಮಧ್ಯಾಹ್ನ ಒಂದೆಲಗದ ತಂಬುಳಿಯಲ್ಲಿ ಒಂದು ಸೌಟು ಅನ್ನ, ಸಂಜೆ ಅರಳು.

ಸುಬ್ಬಯ್ಯ ಬಂದಿದ್ದ. ಬೆಳ್ತಂಗಡಿಯ ಉಪನಯನವನ್ನು ನೀನೇ ನೋಡಿಕೋ ಎಂದೆ. "ನಿಮ್ಮ ಕೈಯೇ ಬೇಕಂತ ಅವರು ಕರೆದದ್ದಲ್ಲ ಭಟ್ರೇ?" ಎಂದ. ನನ್ನ ಕೈಗೆ ಇಲ್ಲಿ ಕೆಲಸ ಉಂಟು.

ಫೆಬ್ರವರಿ 22

ಬೀಗಿತ್ತಿ ಅನ್ನಪೂರ್ಣೇಶ್ವರಿಯಮ್ಮ ಶಿರ್ತಾಡಿಯಿಂದ ಬಂದಿದ್ದಾರೆ, ಒಂದು ಚೀಲ ಕಷಾಯದ ಪುಡಿಯೊಟ್ಟಿಗೆ. ಬಂದವರೇ ಮಗಳ ಕೆನ್ನೆ ಸವರಿ ಅತ್ತರು. ಆಮೇಲೆ ನನ್ನ ಕಡೆ ತಿರುಗಿದರು.

"ಭಾವ, ಈ ಮಾತ್ರೆ ಸಾಕು. ಗುಣ ಆಯ್ತಲ್ಲ, ಇನ್ನು ನಿಲ್ಲಿಸುವ. ಬಸುರಿಗೆ ಮಾತ್ರೆ ಒಳ್ಳೆಯದಲ್ಲ ಅಂತ ನೀವೇ ಫೋನಿನಲ್ಲಿ ಹೇಳಿದ್ದಲ್ಲವಾ?"

"ಹೇಳಿದ್ದೆ" ಎಂದೆ. "ಬೆಳಗ್ಗೆ ದೋಸೆ ಚೆನ್ನಾಗಿ ಬಂತು ಅಂತ ರಾತ್ರಿ ಹಿಟ್ಟು ರುಬ್ಬುವುದು ನಿಲ್ಲಿಸಿದರೆ ಮರುದಿನ ಎಂತ ತಿನ್ನುವುದು? ಮಾತ್ರೆಯನ್ನು ನಿಲ್ಲಿಸುವುದು ಡಾಕ್ಟ್ರು ಹೇಳಿದ ದಿನ, ಅವರು ಹೇಳಿದ ಕ್ರಮದಲ್ಲಿ."

"ಹಾಗಾದರೆ ಕಷಾಯವಾದರೂ..."

"ಅದನ್ನು ಸಹ ಅವರಲ್ಲಿ ಕೇಳಿಯೇ ಕೊಡುವುದು. ನಾನು ಒಗ್ಗರಣೆಯನ್ನೇ ಬಿಟ್ಟು ಕೂತವ ಬೀಗಿತ್ತಿಯವರೇ. ನೀವು ನಾಲ್ಕು ದಿನ ಕಷಾಯ ಬಿಡಿ."

ಅವರು ಮುಖ ದಪ್ಪ ಮಾಡಿಕೊಂಡರು. ಬೇಕಾದರೆ ಮಗಳನ್ನು ಶಿರ್ತಾಡಿಗೆ ಕರೆದುಕೊಂಡು ಹೋಗುತ್ತೇನೆ, ಹೆಂಗಸರಿರುವ ಮನೆ ಎಂದರು. ನ್ಯಾಯವಾದ ಮಾತು. "ಅವಳಿಗೆ ಎಲ್ಲಿ ಹಿತವೋ ಅಲ್ಲಿ ಇರಲಿ" ಎಂದು ಹೇಳಿ ನಾನು ಶೆಡ್ಡಿಗೆ ಬಂದು ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ. ಶೆಡ್ಡಿಗೆ ಶುಭಳ ಸ್ವರ ಕೇಳಿತು. "ಏಳನೇ ತಿಂಗಳಲ್ಲಿ ಬರ್ತೇನೆ ಅಮ್ಮ. ಈಗ ಇಲ್ಲಿ ಮಾವ ಇದ್ದಾರಲ್ಲ."

ಆ ಪಾತ್ರೆಯನ್ನು ಮೂರನೇ ಸಲವೂ ತೊಳೆದೆ.

ರಾತ್ರಿ ಒಂಬತ್ತಕ್ಕೆ ನಾವಿಬ್ಬರೂ ಮಾತ್ರೆ ಹಿಡಿದು ಎದುರೆದುರು ಕೂತು ಒಂದು, ಎರಡು ಎನ್ನುವಾಗ ಬೀಗಿತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋದರು. ಬೈಯಲು ಹೋದರೆಂದೇ ನಾನು ತಿಳಿದೆ. ವಾಪಸು ಬಂದಾಗ ಅಂಗೈಯಲ್ಲಿ ಅವರ ಸಕ್ಕರೆ ಕಾಯಿಲೆಯ ಮಾತ್ರೆ. "ನನಗೆ ಸಹ ಒಂದು ಲೋಟ ನೀರು ಕೊಡಿ" ಎಂದು ಮಗಳ ಪಕ್ಕದಲ್ಲಿ ಕೂತರು.

ಮಾರ್ಚ್ 24

ಫಿದಾ ತೂಕ ನೋಡಿ ಬೆನ್ನು ತಟ್ಟಿದಳು. ಶುಭಳದ್ದಲ್ಲ, ನನ್ನದು! ಇನ್ನು ರಾತ್ರಿ ಒಂದೇ ಮಾತ್ರೆ, ಸ್ವಲ್ಪ ದಿನ ಹಾಗೇ ನೋಡಿ ಆಮೇಲೆ ನಿಲ್ಲಿಸುವ ಎಂದಿದ್ದಾಳೆ. ಒಮ್ಮೆಲೇ ಬಿಡಬಾರದಂತೆ. "ನಿಮ್ಮ ಮಾತ್ರೆ ಮಾತ್ರ ನಿಲ್ಲುವುದಿಲ್ಲ ಭಟ್ರೇ" ಎಂದೂ ಹೇಳಿದಳು. ಇವಳ ಕಣ್ಣು ಅಪ್ಪನ ತಕ್ಕಡಿಯ ಹಾಗೆ, ಏನೂ ತಪ್ಪಿಸಲಾಗುವುದಿಲ್ಲ.

ದೇವಿಪ್ರಸಾದ ಮಧ್ಯಾಹ್ನ ಬಂದು ಹೋದ. ಶೆಡ್ಡಿಗೆ ಬಂದು, "ಅಪ್ಪ, ತಂಬುಳಿಗೆ ಒಗ್ಗರಣೆ ಇಲ್ಲವಾ? ಸಪ್ಪೆ" ಎಂದ. ನಾನು ಸೌಟು ಎತ್ತಿದೆ. ಓಡಿದ.

ಏಪ್ರಿಲ್ 14

ಬಿಸು, ನಮ್ಮ ಕಡೆಯ ಹೊಸ ವರ್ಷ. ಬೆಳಗ್ಗೆ ಮಗಳು ಹಣ್ಣು, ಹೂ ಜೋಡಿಸಿದ ಕಣಿಯ ಮುಂದೆ ಕೈಮುಗಿದು, ನನ್ನ ಕಾಲು ಹಿಡಿದಳು. ಬಗ್ಗಬೇಡ ಎಂದರೆ ಕೇಳುವುದಿಲ್ಲ. ಹೊಟ್ಟೆ ಈಗ ಕಾಣುತ್ತದೆ. ಮಾತ್ರೆ ನಿಂತು ನಾಲ್ಕು ದಿನವಾಯಿತು, ವಾಂತಿ ಮರಳಿ ಬಂದಿಲ್ಲ. ರಾತ್ರಿ ನನ್ನ ಮಾತ್ರೆಯನ್ನು ನಾನೊಬ್ಬನೇ ನುಂಗುತ್ತೇನೆ. ಒಂದು, ಎರಡು, ಮೂರು ಎಂದು ಹೇಳಲು ಅವಳು ಎದುರಿಗೆ ಬಂದು ಕೂರುತ್ತಾಳೆ.

ಹಬ್ಬದ ಅಡುಗೆಯನ್ನೂ ಶೆಡ್ಡಿನಲ್ಲೇ ಮಾಡುತ್ತಿದ್ದೆ. ಬೇಳೆ ಬೆಂದಿತ್ತು, ಸಾರು ಕುದಿದಿತ್ತು. ಇನ್ನು ಹಾಗೆಯೇ ಇಳಿಸುವುದೆಂದು ಮಸಿಬಟ್ಟೆಗೆ ಕೈ ಹಾಕಿದೆ. ಬಾಗಿಲಲ್ಲಿ ನೆರಳು ಬಿತ್ತು.

"ಮಾವ, ಒಗ್ಗರಣೆ ಹಾಕಿ."

"ಬೇಡ ಮಗಾ. ಇನ್ನು ಸ್ವಲ್ಪ ದಿನ ಹೋಗಲಿ."

"ಇಲ್ಲ, ಹಾಕಿ. ಇಂಗಿನದ್ದು. ನಿನ್ನೆಯಿಂದ ನನಗೆ ಅದೇ ಆಸೆ. ನಾನು ಇಲ್ಲೇ ನಿಲ್ತೇನೆ."

ಒಗ್ಗರಣೆ ಸೌಟನ್ನು ಹುಡುಕಬೇಕಾಯಿತು, ದೊಡ್ಡ ಕಡಾಯಿಯ ಅಡಿಯಲ್ಲಿ ಸಿಕ್ಕಿತು. ಎಣ್ಣೆ ಹೊಯ್ದೆ. ಕಾಯುವ ಶಬ್ದ ಕಿವಿಗೆ ಬೀಳಲೇ ಇಲ್ಲ, ಎದೆಯೇ ಅಷ್ಟು ಜೋರಾಗಿ ಬಡಿಯುತ್ತಿತ್ತು. ಸಾಸಿವೆ ಹಾಕಿದೆ. ಸಿಡಿಯಿತು. ಇಂಗು ಹಾಕಿದೆ. ಹೊಗೆ ನೇರ ಅವಳ ಕಡೆಗೇ ಹೋಯಿತು, ದರಿದ್ರ ಗಾಳಿ ಇವತ್ತೇ ದಿಕ್ಕು ಬದಲಿಸಿತ್ತು. ನಾನು ಸೌಟು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಮೂಗು ಅರಳಿತು. ಕಣ್ಣು ಮುಚ್ಚಿದಳು. ಕೈ ಬಾಯಿಯ ಕಡೆಗೆ ಹೋಗಲಿಲ್ಲ, ಹೊಟ್ಟೆಯ ಮೇಲೆ ಹೋಗಿ ನಿಂತಿತು. ಉದ್ದಕ್ಕೆ ಒಂದು ಉಸಿರು ಎಳೆದುಕೊಂಡು, "ಆಹಾ" ಎಂದಳು.

ಆಗ ಕರಟಿದ ವಾಸನೆ ಬಂತು. ನೋಡಿದರೆ ಸಾಸಿವೆ ಕಪ್ಪಾಗಿ ಹೋಗಿತ್ತು. ಚೆಲ್ಲಿ ಬೇರೆ ಹಾಕುತ್ತೇನೆ ಎಂದರೆ ಬಿಡಲಿಲ್ಲ, ಅದನ್ನೇ ಸಾರಿಗೆ ಹಾಕಿಸಿದಳು.

ನಲವತ್ತು ವರ್ಷದಲ್ಲಿ ನನ್ನ ಒಗ್ಗರಣೆ ಸೀದದ್ದು ಇದೇ ಮೊದಲು. ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು. ಎಲೆಯಿಂದ ಏಳುವ ಮೊದಲು ತೇಗಿದಳು.